ಏಳನೇ ತರಗತಿಯಲ್ಲಿ ಪಹಣಿ ಓದಿಸೋಣ

ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಮೂಲಭೂತ ಹಕ್ಕುಗಳು ಯಾವುವು ಎಂದು ಕೇಳಿದರೆ ಮಕ್ಕಳು ಆರನ್ನೂ ಸರಿಯಾಗಿ ಬರೆಯುತ್ತಾರೆ. ಮೂಲಭೂತ ಕರ್ತವ್ಯ ಕೇಳಿದರೆ ಹನ್ನೊಂದೂ ಬಾಯಿಪಾಠ. ಆಸ್ತಿಯ ಹಕ್ಕಿಗೆ ಮಾತ್ರ ಒಂದು ಸಾಲು ಸಿಕ್ಕರೆ ಹೆಚ್ಚು: ಅದು ಮೊದಲು ಪಟ್ಟಿಯಲ್ಲಿತ್ತು, 44ನೇ ತಿದ್ದುಪಡಿಯಲ್ಲಿ ತೆಗೆದರು. ಅಲ್ಲಿಗೆ ಪಾಠ ಮುಗಿಯಿತು.

ಅದೇ ಮಗು ಮನೆಗೆ ಹೋದರೆ ಅಲ್ಲಿ ನಡೆಯುವ ಮಾತು ಬೇರೆ. ಅಜ್ಜ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗಿಲ್ಲ, ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪಕ್ಕದ ಹೊಲದವರು ಬದು ಒತ್ತಿದ್ದಾರೆ. ಸೋದರತ್ತೆ ಪಾಲು ಕೇಳಿದ ಮೇಲೆ ಅವರನ್ನು ಹಬ್ಬಕ್ಕೆ ಕರೆಯುತ್ತಿಲ್ಲ. ಬಾಡಿಗೆ ಮನೆಯಲ್ಲಿರುವ ಮಗುವಾದರೆ ಓನರ್ ಅಡ್ವಾನ್ಸ್ ವಾಪಸ್ ಕೊಡುತ್ತಿಲ್ಲ ಎಂಬ ಗಲಾಟೆ ಕೇಳಿರುತ್ತದೆ. ಹನ್ನೆರಡು ವರ್ಷದವರಿಗೆ ಇದೆಲ್ಲ ಅರ್ಥವಾಗದು ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ಅವರು ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಸ್ವಾತಂತ್ರ್ಯ, ಆಸ್ತಿ, ಹೊಣೆಗಾರಿಕೆ, ಈ ಮೂರರಲ್ಲಿ ಎರಡನ್ನು ನಮ್ಮ ಶಾಲೆಗಳು ಬೇರೆ ಬೇರೆ ಪಟ್ಟಿಗಳಾಗಿ ಕಲಿಸುತ್ತವೆ. ಆಸ್ತಿಯನ್ನು ಬಿಟ್ಟೇ ಬಿಡುತ್ತವೆ. ನನ್ನ ವಾದ ಇಷ್ಟು: ಆಸ್ತಿಯ ಪಾಠ ಬಿಟ್ಟುಹೋಗಿರುವುದರಿಂದಲೇ ಉಳಿದೆರಡು ಮಕ್ಕಳಿಗೆ ಬರೀ ಮಾತಾಗಿ ಉಳಿದಿವೆ. ಇದು ನನ್ನದು, ಇದು ನಿನ್ನದು, ಇದು ನಮ್ಮೆಲ್ಲರದು ಎಂಬ ಲೆಕ್ಕ ತಿಳಿಯದ ಮಗುವಿಗೆ ಯಾರ ಸ್ವಾತಂತ್ರ್ಯ ಎಲ್ಲಿಯವರೆಗೆ, ಯಾರ ಹೊಣೆ ಎಷ್ಟು ಎಂದು ಹೇಗೆ ಗೊತ್ತಾಗಬೇಕು?

ಈ ವಯಸ್ಸಿಗೆ ಇದು ಜಾಸ್ತಿಯಾಯಿತು ಅನ್ನುವವರು ಕಾನೂನನ್ನೇ ಒಮ್ಮೆ ನೋಡಬೇಕು. ಏಳು ವರ್ಷ ತುಂಬದ ಮಗು ಏನೇ ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗೆ ಇದ್ದರೆ, ತಾನು ಮಾಡಿದ್ದು ಏನು, ಅದರಿಂದ ಏನಾಗುತ್ತದೆ ಎಂದು ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡುತ್ತಾರೆ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಹನ್ನೆರಡು ದಾಟಿದ ಮೇಲೆ ಈ ರಿಯಾಯಿತಿ ಇಲ್ಲ. ವಿಚಾರಣೆ ಬಾಲನ್ಯಾಯ ಕಾಯ್ದೆಯಡಿ ಬೇರೆ ರೀತಿಯಲ್ಲಿ ನಡೆಯುತ್ತದೆ, ಆದರೆ ನಡೆಯುತ್ತದೆ. ಅಂದರೆ ಏಳನೇ ತರಗತಿಯ ಹೊತ್ತಿಗೆ ಕಾನೂನು ಆ ಹೆಗಲಿನ ಮೇಲೆ ಒಂದಿಷ್ಟು ಹೊಣೆ ಇಟ್ಟಾಗಿದೆ.

ಹಣದ ವಿಷಯದಲ್ಲೂ ಹಾಗೆಯೇ. ಹತ್ತು ವರ್ಷ ದಾಟಿದ ಮಗು ತಾನೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಬಿಡಬಹುದು ಎಂದು 2025ರ ಏಪ್ರಿಲ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಹದಿನೆಂಟರ ಒಳಗಿನವರು ಮಾಡಿಕೊಂಡ ಕರಾರು ಊರ್ಜಿತವಲ್ಲ, ಆದರೆ ಅವರ ಹೆಸರಲ್ಲಿ ಆಸ್ತಿ ಇರಬಹುದು. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯ್ದೆಯ ಪ್ರಕಾರ ಮೈನರ್ ಮಗುವಿನ ಸ್ವಂತ ಹೆಸರಿನ ಜಮೀನನ್ನು ಅಪ್ಪ ಅಮ್ಮ ಕೂಡ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ, ವಯಸ್ಸಿಗೆ ಬಂದ ಮೇಲೆ ಆ ಮಗು ಕ್ರಯವನ್ನು ಪ್ರಶ್ನಿಸಬಹುದು. ಇಷ್ಟು ದೊಡ್ಡ ರಕ್ಷಣೆ ಯಾರಿಗಾಗಿ ಇದೆಯೋ ಅವರಿಗೇ ಅದು ಗೊತ್ತಿಲ್ಲ.

ಇನ್ನು ಆ ಒಂದು ಸಾಲಿಗೆ ಬರೋಣ. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಆಸ್ತಿ ಗಳಿಸುವ, ಇಟ್ಟುಕೊಳ್ಳುವ, ಮಾರುವ ಹಕ್ಕು 19ನೇ ವಿಧಿಯಲ್ಲಿತ್ತು. ಪರಿಹಾರವಿಲ್ಲದೆ ಆಸ್ತಿ ಕಿತ್ತುಕೊಳ್ಳಬಾರದು ಎಂದು 31ನೇ ವಿಧಿ ಹೇಳುತ್ತಿತ್ತು. ಜಮೀನ್ದಾರಿ ರದ್ದು ಮಾಡಲು ಹೊರಟ ಸರ್ಕಾರಗಳಿಗೆ ಇದೇ ಅಡ್ಡ ಬಂತು. ಜಮೀನ್ದಾರರು ಕೋರ್ಟಿಗೆ ಹೋದರು. 1951ರಲ್ಲೇ, ಮೊದಲ ತಿದ್ದುಪಡಿಯಲ್ಲೇ, ಭೂ ಸುಧಾರಣೆಯ ಕಾನೂನುಗಳನ್ನು ಕಾಪಾಡಲು ಒಂಬತ್ತನೇ ಅನುಸೂಚಿ ಸೇರಿಸಬೇಕಾಯಿತು. ಜಗ್ಗಾಟ ಮುಂದೆಯೂ ನಡೆದು, ಕೊನೆಗೆ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಕಳಿಸಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಆ ವಿಧಿ ಈಗಲೂ ಹೇಳುತ್ತದೆ.

ಹಾಗಾಗಿ ತೆಗೆದರು ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋಗುವುದು ಅರ್ಧ ಸತ್ಯ. ಆಸ್ತಿ ಇವತ್ತಿಗೂ ಸಂವಿಧಾನದ ಹಕ್ಕೇ. ವ್ಯತ್ಯಾಸ ಇರುವುದು ಬಾಗಿಲಲ್ಲಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು, ಆಸ್ತಿಯ ವಿಷಯಕ್ಕೆ ಮೊದಲು ಹೈಕೋರ್ಟಿನ ಬಾಗಿಲು ತಟ್ಟಬೇಕು. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ನಗರ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ 300ಎ ವಿಧಿಯ ಒಳಗೆ ಏನೆಲ್ಲ ಇದೆ ಎಂದು ಬಿಡಿಸಿ ಹೇಳಿತು. ತೆಗೆದುಕೊಳ್ಳುವ ಮೊದಲು ನೋಟಿಸ್ ಕೊಡಬೇಕು. ಮಾಲೀಕರ ಮಾತು ಕೇಳಬೇಕು. ತೀರ್ಮಾನಕ್ಕೆ ಕಾರಣ ಕೊಡಬೇಕು. ಸಾರ್ವಜನಿಕ ಉದ್ದೇಶಕ್ಕೆ ಮಾತ್ರ ತೆಗೆದುಕೊಳ್ಳಬೇಕು. ನ್ಯಾಯವಾದ ಪರಿಹಾರ ಸಿಗಬೇಕು. ಎಳೆದಾಡದೆ ಕೆಲಸ ಆಗಬೇಕು. ಶುರು ಮಾಡಿದ್ದನ್ನು ಪೂರ್ತಿ ಮುಗಿಸಬೇಕು.

ಈ ಏಳು ಮಾತುಗಳನ್ನು ಹನ್ನೆರಡರ ಮಕ್ಕಳ ಮುಂದಿಡಿ. ಅವರಿಗೆ ತಕ್ಷಣ ನೆನಪಾಗುವುದು ಶಾಲೆಯ ಮೈದಾನವೇ. ಆರನೇ ತರಗತಿಯ ಹುಡುಗನ ಟೆನಿಸ್ ಚೆಂಡನ್ನು ಮೇಷ್ಟ್ರು ಕಿತ್ತುಕೊಂಡು ಬೀರುವಿನಲ್ಲಿಟ್ಟರು. ಮೊದಲೇ ಎಚ್ಚರಿಕೆ ಕೊಟ್ಟಿದ್ದರೇ? ಅವನು ಹೇಳಿದ್ದನ್ನು ಕೇಳಿದರೇ? ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ? ಅದೇ ಚೆಂಡು ಕಿಟಕಿಯ ಗಾಜು ಒಡೆದಿದ್ದರೆ ಗಾಜಿನ ದುಡ್ಡು ಯಾರು ಕೊಡಬೇಕು? ಎಸೆದವನೇ, ಆಟಕ್ಕೆ ಸೇರಿದ ಎಲ್ಲರೂ ಸೇರಿಯೇ? ಹಕ್ಕು, ಸ್ವಾತಂತ್ರ್ಯ, ಹೊಣೆ ಮೂರೂ ಒಂದೇ ಚೆಂಡಿನಲ್ಲಿ ಸಿಕ್ಕವು, ಅಲ್ವಾ? ಇದನ್ನು ಚರ್ಚಿಸಲು ಮೇಷ್ಟ್ರಿಗೆ ಸ್ವಲ್ಪ ಧೈರ್ಯ ಬೇಕು. ಯಾಕೆಂದರೆ ಅವರು ಮಾಡಿದ್ದೂ ಪ್ರಶ್ನೆಗೆ ಒಳಗಾಗುತ್ತದೆ.

ಸ್ವಾತಂತ್ರ್ಯ ಮತ್ತು ಆಸ್ತಿಯ ಬಗ್ಗೆ ಮಕ್ಕಳಿಗಾಗಿ ಸಿದ್ಧಪಡಿಸಿದ ಪಾಠಗಳು ಪಶ್ಚಿಮದ ದೇಶಗಳಿಂದ ಬಂದಾಗ ಅವುಗಳಲ್ಲಿ ಹೆಚ್ಚಾಗಿ ಒಂದೇ ಚಿತ್ರ ಇರುತ್ತದೆ. ಒಬ್ಬ ದುಡಿದು ಗಳಿಸುತ್ತಾನೆ, ಸರ್ಕಾರ ಅದಕ್ಕೆ ಕೈ ಹಾಕುತ್ತದೆ. ನಮ್ಮ ನೆಲದಲ್ಲಿ ಈ ಚಿತ್ರ ಪೂರ್ತಿ ಹೊಂದುವುದಿಲ್ಲ. ಇಲ್ಲಿ ತಲೆಮಾರುಗಳ ಕಾಲ ದುಡಿದವರ ಹೆಸರಲ್ಲಿ ಏನೂ ಇರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಅಂದರೆ ಒಡೆಯರ ಜಮೀನನ್ನು ಉಳುತ್ತಿದ್ದವರು, ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಅಳೆಯುವ ಕೊಳಗವೇ ಮೋಸದ್ದು, ಒಡೆಯರು ದೊಡ್ಡ ಅಳತೆಯ ಕೊಳಗದಲ್ಲಿ ಭತ್ತ ಅಳೆದುಕೊಳ್ಳುತ್ತಾರೆ ಎಂಬುದು ಅವರ ದೂರುಗಳಲ್ಲಿ ಮುಖ್ಯವಾದದ್ದು. ಕಾಗೋಡು ಗಣಪತಿಯಪ್ಪ ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಅದಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ದೇವರಾಜ ಅರಸು ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಉಳುಮೆಯನ್ನು ಸಾಬೀತು ಮಾಡಬೇಕಿತ್ತು. ಕರಾವಳಿಯ ಹಿರಿಯರು ಇವತ್ತಿಗೂ ಡಿಕ್ಲರೇಷನ್ ಕೊಟ್ಟು ಬಂದ ಜಾಗ ಎಂದೇ ಹೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಮೊದಲ ಆಸ್ತಿ ಬಂದದ್ದು ಹೀಗೆ. ಅದೇ ಕಾನೂನು ಇನ್ನು ಕೆಲವು ಮನೆಗಳಿಂದ ಜಮೀನು ಕಳೆಯಿತು. ಅವರಲ್ಲೂ ಎಲ್ಲರೂ ದೊಡ್ಡ ಜಮೀನ್ದಾರರಾಗಿರಲಿಲ್ಲ, ಎರಡು ಮೂರು ಎಕರೆ ಗೇಣಿಗೆ ಕೊಟ್ಟಿದ್ದ ವಿಧವೆಯರೂ ಇದ್ದರು. ಒಂದೇ ತರಗತಿಯಲ್ಲಿ ಈ ಎರಡೂ ಮನೆಗಳ ಮೊಮ್ಮಕ್ಕಳು ಕೂತಿರುತ್ತಾರೆ. ಇಬ್ಬರ ಕಥೆಯನ್ನೂ ಮರ್ಯಾದೆಯಿಂದ ಕೇಳುವ ಪಾಠವೇ ಒಳ್ಳೆಯ ಪಾಠ.

ಇತ್ತೀಚಿನ ಉದಾಹರಣೆ ಬೇಕೆಂದರೆ ದೇವನಹಳ್ಳಿ ಇದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವೈಮಾನಿಕ ಕೈಗಾರಿಕಾ ಪಾರ್ಕಿಗೆ ತೆಗೆದುಕೊಳ್ಳಲು ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹೊರಟಿತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು: ತಾವಾಗಿಯೇ ಜಮೀನು ಕೊಡಲು ಮುಂದೆ ಬರುವವರಿಂದ ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆ.

ಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಆ ಎರಡನೇ ಮಾತು ಅನ್ನುವುದು ನನ್ನ ಅಭಿಪ್ರಾಯ. ಕೊಡುವುದಿಲ್ಲ ಎಂದವರು ಇದ್ದರು. ಒಳ್ಳೆಯ ಬೆಲೆ ಸಿಕ್ಕರೆ ಕೊಡುತ್ತೇವೆ ಎಂದವರೂ ಇದ್ದರು. ಆಸ್ತಿಯ ಹಕ್ಕು ಅಂದರೆ ಇಟ್ಟುಕೊಳ್ಳುವ ಹಕ್ಕೂ ಹೌದು, ಮಾರುವ ಹಕ್ಕೂ ಹೌದು. 2020ರಲ್ಲಿ ರಾಜ್ಯ ಸರ್ಕಾರ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ರದ್ದು ಮಾಡಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದಾಗ ಇದೇ ಚರ್ಚೆ ನಡೆಯಿತು. ರೈತ ತನ್ನ ಜಮೀನನ್ನು ಯಾರಿಗೆ ಬೇಕಾದರೂ ಮಾರಲಿ, ಅದು ಅವನ ಸ್ವಾತಂತ್ರ್ಯ ಎಂದು ಒಂದು ಕಡೆಯವರು. ಸಾಲದಲ್ಲಿ ಮುಳುಗಿದವನು ದುಡ್ಡಿದ್ದವನಿಗೆ ಮಾರುವುದನ್ನು ಸ್ವಾತಂತ್ರ್ಯ ಎನ್ನಬೇಡಿ ಎಂದು ಇನ್ನೊಂದು ಕಡೆಯವರು. ಎಂಟನೇ ತರಗತಿಯ ಮಕ್ಕಳು ಈ ಎರಡೂ ಪಕ್ಷ ವಹಿಸಿ ವಾದ ಮಾಡಬಲ್ಲರು. ಮೇಷ್ಟ್ರು ತಮ್ಮ ಉತ್ತರವನ್ನು ಕೊನೆಯವರೆಗೂ ಹೇಳದೇ ಇದ್ದರೆ ಸಾಕು.

ಹೆಣ್ಣುಮಕ್ಕಳ ಪಾಲಿನ ವಿಷಯಕ್ಕೆ ಬಂದರೆ ಮಾತ್ರ ಮೇಷ್ಟ್ರು ಸುಮ್ನಿರಬಾರದು. ಇಲ್ಲಿ ಎರಡು ಪಕ್ಷ ಇಲ್ಲ, ಕಾನೂನು ಸ್ಪಷ್ಟವಾಗಿದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ದೇಶಕ್ಕಿಂತ ಮೊದಲೇ ಹೇಳಿದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕ ಒಂದು. 1994ರ ಜುಲೈನಲ್ಲಿ ಆ ತಿದ್ದುಪಡಿ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನಕ್ಕೆ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲಕ್ಕೆ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕಿರಬೇಕಿಲ್ಲ ಎಂದು ಉತ್ತರ ಕೊಟ್ಟಿತು. ಮುಸ್ಲಿಂ, ಕ್ರೈಸ್ತ ಮನೆಗಳ ಹೆಣ್ಣುಮಕ್ಕಳಿಗೆ ಬೇರೆ ನಿಯಮಗಳಿವೆ, ಅವನ್ನೂ ಹೇಳಬೇಕು. ಕರಾವಳಿಯ ಅಳಿಯ ಸಂತಾನದ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದಲೇ ಹರಿಯುತ್ತಿತ್ತು ಎಂದರೆ ಬಯಲುಸೀಮೆಯ ಮಕ್ಕಳು ಆಶ್ಚರ್ಯಪಡುತ್ತಾರೆ.

ಕಾನೂನು ಇಷ್ಟಿದ್ದರೂ ನಡೆಯುವುದೇನು? ಅಣ್ಣ ತಮ್ಮಂದಿರು ಕಾರು ಮಾಡಿಕೊಂಡು ಬರುತ್ತಾರೆ, ಸೀರೆ ಕುಪ್ಪಸ ಅರಿಶಿನ ಕುಂಕುಮ ತರುತ್ತಾರೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಆ ಕಾಗದದಲ್ಲಿ ಏನು ಬರೆದಿದೆ ಎಂದು ಓದದೆ ಸಹಿ ಹಾಕಿದ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಇವತ್ತು ಏಳನೇ ತರಗತಿಯಲ್ಲಿರುವ ಹುಡುಗಿಯ ಮುಂದೆಯೂ ಮುಂದೊಂದು ದಿನ ಅಂಥದ್ದೇ ಕಾಗದ ಬರುತ್ತದೆ. ಪ್ರೀತಿಯಿಂದ ಬಿಟ್ಟುಕೊಡಲು ಅವಳಿಗೆ ಸ್ವಾತಂತ್ರ್ಯವಿದೆ. ಬಿಟ್ಟುಕೊಡುತ್ತಿರುವುದು ಏನನ್ನು ಎಂದು ತಿಳಿದಿದ್ದರೆ ಮಾತ್ರ ಅದು ಸ್ವಾತಂತ್ರ್ಯ. ಅವಳ ಪಕ್ಕದ ಸಾಲಿನಲ್ಲಿ ಕೂತ ಹುಡುಗನಿಗೂ ಇದೇ ಪಾಠ ಬೇಕು. ತಂಗಿಯ ಪಾಲನ್ನು ತನ್ನ ಔದಾರ್ಯ ಎಂದು ತಿಳಿದು ಬೆಳೆದವನು ಮುಂದೆ ಎಷ್ಟೇ ಓದಿದರೂ ಹಾಗೇ ಉಳಿಯುತ್ತಾನೆ.

ತರಗತಿಯಲ್ಲಿ ಇದನ್ನೆಲ್ಲ ಶುರು ಮಾಡುವುದು ಹೇಗೆ? ಒಂದು ಪಹಣಿಯಿಂದ, ಅಂದರೆ ಜಮೀನಿನ ಹಕ್ಕು ದಾಖಲೆಯಿಂದ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬಂದು ಎರಡು ದಶಕ ದಾಟಿದೆ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಅದರಲ್ಲಿ ಮಾಲೀಕರ ಹೆಸರಿದೆ, ಎಕರೆ ಗುಂಟೆ ಲೆಕ್ಕದಲ್ಲಿ ವಿಸ್ತೀರ್ಣವಿದೆ, ಹಕ್ಕು ಹೇಗೆ ಬಂತು ಎಂಬ ದಾಖಲೆ ಇದೆ, ಮೇಲಿರುವ ಸಾಲ ಇದೆ, ಬೆಳೆ ಇದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂದು ಭಿನ್ನರಾಶಿಯ ಲೆಕ್ಕವನ್ನೂ ಇದರಲ್ಲೇ ಮಾಡಿಸಬಹುದು. ಜಂಟಿ ಖಾತೆಯಲ್ಲಿ ಐದು ಹೆಸರಿದ್ದರೆ ಎಷ್ಟೆಷ್ಟು ಪಾಲು ಎಂದು ಕೇಳಿದರೆ ಗಣಿತವೂ ಆಯಿತು, ಕಾನೂನೂ ಆಯಿತು. ಪೇಟೆಯ ಶಾಲೆಯಾದರೆ ಇ-ಖಾತೆ, ಬಾಡಿಗೆ ಕರಾರು ಪತ್ರ ಇಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಮನೆಯಿಂದ ನಿಮ್ಮ ಪಹಣಿ ತನ್ನಿ ಎಂದು ಮಕ್ಕಳಿಗೆ ಹೇಳಬಾರದು. ಯಾರಿಗೆ ಎಷ್ಟಿದೆ, ಯಾರಿಗೆ ಏನೂ ಇಲ್ಲ ಎಂದು ಎಲ್ಲರ ಮುಂದೆ ಬಯಲಾದರೆ ಪಾಠ ಅಲ್ಲಿಗೇ ಸತ್ತಿತು. ಭೂಮಿ ಇಲ್ಲದ ಮಗುವಿಗೆ ಇದು ನನ್ನ ವಿಷಯವಲ್ಲ ಅನ್ನಿಸಬಾರದು. ಅದಕ್ಕೆ ಹೇಳಲು ಬೇರೆ ಸಂಗತಿಗಳಿವೆ. ದಲಿತ ಕುಟುಂಬಗಳಿಗೆ ಮಂಜೂರಾದ ಜಮೀನು ಕೈತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅಲ್ಲೇ ಬದುಕಿದರೂ ದಾಖಲೆ ಇಲ್ಲದ ತಾಂಡಾಗಳ ಜನರಿಗೆ ಹಕ್ಕುಪತ್ರ ಸಿಕ್ಕ ಕಥೆ ಇದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಅದನ್ನು ಹಂಚಿದರು. ನೆಲೆಸಿದ ಮನೆಗೆ ಕಾಗದ ಸಿಗುವುದು ಎಂದರೆ ಏನು ಎಂದು ಅಂಥ ಮನೆಯ ಮಗು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲದು.

ಹಾಗಾದರೆ ಯಾರ ಪಹಣಿ? ಶಾಲೆಯದೇ. ಊರಿನ ಯಾರೋ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದಲ್ಲಿ ನಮ್ಮ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿವೆ. ದಾಖಲೆ ಶಾಲೆಯ ಹೆಸರಿಗೆ ಆಗಿಲ್ಲ. ದಾನಿಯ ಮೊಮ್ಮಕ್ಕಳು ಬಂದು ಜಾಗ ನಮ್ಮದು ಎಂದರೆ ಮೈದಾನ ಹೋಗುತ್ತದೆ. ನಾವು ಆಡುವ ಈ ನೆಲ ಯಾರ ಹೆಸರಲ್ಲಿದೆ ಎಂದು ಹುಡುಕುವ ತರಗತಿ ಸ್ವಂತ ಆಸ್ತಿ, ಸಾರ್ವಜನಿಕ ಆಸ್ತಿ, ದಾನ, ದಾಖಲೆ ಎಲ್ಲವನ್ನೂ ಒಂದೇ ವಾರದಲ್ಲಿ ಕಲಿಯುತ್ತದೆ. ಅಲ್ಲಿಂದ ಊರಿಗೆಲ್ಲ ಸೇರಿದ ಗೋಮಾಳ, ಕೆರೆ, ಗುಂಡುತೋಪಿನ ಕಡೆಗೆ ಹೋಗುವುದು ಸುಲಭ.

ಹೊಣೆಗಾರಿಕೆಯ ಪಾಠದಲ್ಲಿ ನನಗೆ ಹೆಚ್ಚು ಬೇಸರ ತರುವುದು ಅದನ್ನು ವಿಧೇಯತೆಯ ಜೊತೆ ಕಲಸಿಬಿಡುವ ರೀತಿ. ಹೇಳಿದ್ದನ್ನು ಕೇಳುವ ಮಗುವನ್ನು ಜವಾಬ್ದಾರಿ ಇರುವ ಮಗು ಎನ್ನುತ್ತೇವೆ. ಮೊದಲ ಹತ್ತು ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಹೆಚ್ಚಿನವರ ಸ್ವಾತಂತ್ರ್ಯಕ್ಕೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ ಬಂದ ಪಟ್ಟಿ ಅದು. ಅದರಲ್ಲಿರುವುದೆಲ್ಲ ಒಳ್ಳೆಯ ಮಾತೇ. ಆದರೆ ಬಂದ ಸಂದರ್ಭವನ್ನೂ ಮಕ್ಕಳಿಗೆ ಹೇಳಬೇಕು.

ಜೊತೆಗೆ ಕೇರಳದ ಮೂವರು ಮಕ್ಕಳ ಕಥೆ ಹೇಳಬೇಕು. 1985ರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡಲಿಲ್ಲ ಎಂದು ಅವರನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷ ಬಿಜೋ ಇಮ್ಯಾನ್ಯುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ತೀರ್ಪು ಬರೆದ ಒ. ಚಿನ್ನಪ್ಪ ರೆಡ್ಡಿ ಅವರೇ ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. ಎದ್ದು ನಿಂತದ್ದು ಆ ಮಕ್ಕಳ ಹೊಣೆ, ಹಾಡದೇ ಇದ್ದದ್ದು ಅವರ ಸ್ವಾತಂತ್ರ್ಯ. ಈ ತೀರ್ಪನ್ನು ಒಪ್ಪದ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅವರೂ ಮಾತಾಡಲಿ.

ಇನ್ನೊಂದು ಉದಾಹರಣೆ ಮಕ್ಕಳಿಗೆ ತೀರಾ ಹತ್ತಿರದ್ದು. ಸ್ಕೂಟರ್ ಕೀ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಾಡಿ ಅಪ್ಪನದು, ಓಡಿಸಿದ್ದು ಮಗ, ಪೆಟ್ಟು ಬಿದ್ದದ್ದು ರಸ್ತೆಯಲ್ಲಿ ಹೋಗುತ್ತಿದ್ದ ಇನ್ಯಾರಿಗೋ. ಇದರಲ್ಲಿ ಯಾರ ಹೊಣೆ ಎಷ್ಟು ಎಂದು ಮಕ್ಕಳೇ ಲೆಕ್ಕ ಹಾಕಲಿ. ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ತೀರ್ಪು ಕೊಡುತ್ತಾರೆ.

ಇಷ್ಟೆಲ್ಲ ಹೇಳಿ, ಶಾಲೆಯಲ್ಲಿ ಬೆತ್ತ ಹಿಡಿದು ನಿಂತರೆ ಪ್ರಯೋಜನವಿಲ್ಲ. ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಕಾನೂನು ಮುರಿಯುವ ಕೈಯಿಂದ ಕಾನೂನಿನ ಪಾಠ ಹೋಗುವುದಿಲ್ಲ. ಶಾಲಾ ಮಂತ್ರಿಮಂಡಲದ ವಿಷಯವೂ ಇದೇ. ಚುನಾವಣೆ ಮಾಡಿಸುತ್ತಾರೆ, ಪ್ರಮಾಣವಚನ ಮಾಡಿಸುತ್ತಾರೆ, ಆಮೇಲೆ ಮಂತ್ರಿಗಳಿಗೆ ಗಂಟೆ ಹೊಡೆಯುವ, ಕಸ ಗುಡಿಸುವ ಕೆಲಸ ಹಂಚುತ್ತಾರೆ. ತೀರ್ಮಾನ ಮಾಡಲು ಏನೂ ಕೊಡದೆ ಹೊಣೆ ಕಲಿಯಿರಿ ಎಂದರೆ ಹೇಗೆ ಕಲಿಯುತ್ತಾರೆ? ಆಟದ ಸಾಮಾನಿಗೆ ಬಂದ ದುಡ್ಡಿನಲ್ಲಿ ಒಂದು ಭಾಗವನ್ನು ಮಕ್ಕಳ ಕೈಗೆ ಬಿಡಿ. ವಾಲಿಬಾಲ್ ಬೇಕೋ ಥ್ರೋಬಾಲ್ ಬೇಕೋ ಅವರೇ ತೀರ್ಮಾನಿಸಲಿ, ಬಿಲ್ ಅವರೇ ತರಲಿ, ಎಲ್ಲರ ಮುಂದೆ ಲೆಕ್ಕ ಓದಲಿ. ತಪ್ಪು ಖರೀದಿ ಮಾಡಿದರೆ ಆ ವರ್ಷ ಆ ತಪ್ಪಿನ ಜೊತೆಗೇ ಆಡಲಿ.

ಕರ್ನಾಟಕಕ್ಕೆ ಇದೇನೂ ಹೊಸದಲ್ಲ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ದುಡಿಯುವ ಮಕ್ಕಳು ಸೇರಿ ಮಕ್ಕಳ ಪಂಚಾಯತಿ ನಡೆಸಿದರು. ಈಗ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು ಎಂಬ ನಿಯಮವೇ ಇದೆ. ಕೆಲವು ಕಡೆ ಅದು ಬಿಸ್ಕತ್ತು, ಭಾಷಣ, ಫೋಟೊಗೆ ಮುಗಿಯುತ್ತದೆ. ಕೆಲವು ಕಡೆ ಮಕ್ಕಳು ಶೌಚಾಲಯಕ್ಕೆ ನೀರಿಲ್ಲ, ಶಾಲೆಗೆ ಕಾಂಪೌಂಡ್ ಇಲ್ಲ, ದಾರಿಯಲ್ಲಿ ಸಾರಾಯಿ ಮಾರುತ್ತಾರೆ ಎಂದು ಎದ್ದು ನಿಂತು ಕೇಳುತ್ತಾರೆ. ಈ ಸಲ ಏಳನೇ ತರಗತಿಯವರು ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ: ನಮ್ಮ ಶಾಲೆಯ ಜಾಗ ಯಾರ ಹೆಸರಲ್ಲಿದೆ, ಶಾಲೆಯ ಹೆಸರಿಗೆ ಮಾಡಿಸಲು ಇನ್ನೂ ಯಾವ ಕಾಗದ ಬೇಕು? ಪಂಚಾಯತಿಯ ಅಧಿಕಾರಿ ಪಿಡಿಒ ಅದಕ್ಕೆ ಬಾಯಿಮಾತಿನಲ್ಲಿ ಉತ್ತರ ಕೊಟ್ಟರೆ ಒಪ್ಪಬೇಡಿ, ಲಿಖಿತದಲ್ಲಿ ಕೊಡಿ ಸರ್ ಎಂದು ಕೇಳುವುದನ್ನು ಹೇಳಿಕೊಡಿ. ಉತ್ತರ ಬಂದ ಮೇಲೆ ಅದರ ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಹೋಗಲಿ, ಇನ್ನೊಂದು ತರಗತಿಯ ಗೋಡೆಯಲ್ಲಿರಲಿ.